ವಸಂತಾರಂಭದ ಮಸ್ಟಾಂಗ್ ಕುದುರೆಗಳು: ಛಾಯಾಚಿತ್ರವು ಆಧಾರವಾಗುವ ಬಗೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಪ್ರಾಂತ್ಯಗಳಲ್ಲಿ ಒಡೆಯರಿಲ್ಲದೆ ಸ್ವಚ್ಛಂದವಾಗಿ ಸಂಚರಿಸುವ ಕುದುರೆಗಳಿಗೆ ಮಸ್ಟಾಂಗ್ ಎಂದು ಹೆಸರು. ದಾರಿತಪ್ಪಿದ ಸಾಕುಪ್ರಾಣಿ ಎಂಬರ್ಥದ ಸ್ಪ್ಯಾನಿಷ್ ಶಬ್ದದಿಂದ ಈ ಹೆಸರು ಬಂದಿತು. ವರ್ಷವರ್ಷವೂ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅನೇಕರು ಇವನ್ನು ನೋಡಲೂ ಇವುಗಳ ಛಾಯಾಚಿತ್ರಗಳನ್ನು ತೆಗೆಯಲೂ ಹೋಗುತ್ತಾರೆ. ಈ ಚಿತ್ರಗಳು ಕೇವಲ ನೋಟದ ವಸ್ತುಗಳಲ್ಲ. ಕುದುರೆಗಳ ಸಂಖ್ಯೆಯನ್ನು ತಗ್ಗಿಸಬೇಕೇ ಬೇಡವೇ ಎಂಬ ವಾದದಲ್ಲಿ ಇವು ಸಾಕ್ಷ್ಯಗಳೂ ಆಗುತ್ತವೆ. ಆದುದರಿಂದ ಇಂಥ ಚಿತ್ರಕ್ಕೆ ಆಧಾರದ ಬೆಲೆ ಬರುವುದು ಯಾವಾಗ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಶ್ವಕುಲವು ಹುಟ್ಟಿ ಬೆಳೆದುದು ಉತ್ತರ ಅಮೆರಿಕಾ ಖಂಡದಲ್ಲಿಯೇ. ಆದರೆ ಸುಮಾರು 10,000 ವರ್ಷಗಳ ಹಿಂದೆ ಅದು ಅಲ್ಲಿ ಅಳಿದುಹೋಯಿತು. 1519ರಲ್ಲಿ ಕೊರ್ಟೆಸನು ಮೆಕ್ಸಿಕೋ ತೀರದಲ್ಲಿ ಇಳಿದಾಗ ಕುದುರೆಯು ಆ ಖಂಡದ ಮುಖ್ಯ ನೆಲಕ್ಕೆ ಮರಳಿತು. 1680ರ ಪ್ಯೂಬ್ಲೋ ದಂಗೆಯ ತರುವಾಯವೇ ಅದು ಉತ್ತರದ ಬಯಲುಗಳಿಗೆ ಹರಡಿತೆಂದು ಬಹುಕಾಲ ನಂಬಲಾಗಿದ್ದಿತು. ಅದಕ್ಕೂ ಮುಂಚೆಯೇ ಅಲ್ಲಿನ ಮೂಲನಿವಾಸಿಗಳಲ್ಲಿ ಕುದುರೆಯ ಬಳಕೆಯಿತ್ತೆಂದು 2023ರಲ್ಲಿ ಪ್ರಕಟವಾದ ಅಸ್ಥಿಪರೀಕ್ಷೆಯ ಫಲಿತಾಂಶಗಳು ತೋರಿಸಿಕೊಟ್ಟಿವೆ. ಮಸ್ಟಾಂಗನ್ನು ಕಾಡುಪ್ರಾಣಿ ಎನ್ನಬೇಕೇ, ಕಾಡುಪಾಲಾದ ಸಾಕುಪ್ರಾಣಿ ಎನ್ನಬೇಕೇ ಎಂಬ ಚರ್ಚೆಗೆ ಈ ಇತಿಹಾಸವೇ ಮೂಲ.

ಈ ಕುದುರೆಗಳ ರಕ್ಷಣೆಯ ಚರಿತ್ರೆಯಲ್ಲಿ ಛಾಯಾಚಿತ್ರವು ಮೊದಲಿನಿಂದಲೂ ಪಾತ್ರ ವಹಿಸಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೆವಾಡಾ ಪ್ರಾಂತ್ಯದಲ್ಲಿ ವಿಮಾನ, ಲಾರಿಗಳ ನೆರವಿನಿಂದ ಕುದುರೆಗಳನ್ನು ಅಟ್ಟಿ ಹಿಡಿದು ಕಸಾಯಿಖಾನೆಗೆ ಸಾಗಿಸುತ್ತಿದ್ದರು. ಗಸ್ ಬಂಡಿ ಎಂಬ ಕಲಾವಿದರು ಇಂಥ ಬೇಟೆಯನ್ನು ಚಿತ್ರೀಕರಿಸಿದರು. ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ ನಡೆಸಿದ ಆಂದೋಲನದ ಫಲವಾಗಿ, ಮೋಟಾರು ವಾಹನಗಳಿಂದ ಬೇಟೆಯಾಡುವುದನ್ನು ನಿಷೇಧಿಸುವ ಕಾನೂನು 1959ರಲ್ಲಿ ಬಂದಿತು. 1971ರ ಡಿಸೆಂಬರಿನಲ್ಲಿ ಸಮಗ್ರ ರಕ್ಷಣಾ ಶಾಸನವೂ ಆಯಿತು. ಬಂಡಿಯವರ ಚಿತ್ರಗಳ ಅರ್ಥದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ: ಅಟ್ಟುವವರೂ ಅಟ್ಟಿಸಿಕೊಳ್ಳುವವೂ ಕಣ್ಣೆದುರಿಗೇ ಇದ್ದರು. ಇಂದಿನ ಚಿತ್ರಗಳ ಸ್ಥಿತಿ ಅಷ್ಟು ಸರಳವಲ್ಲ.

ಮಾಂಟಾನಾ, ವಯೋಮಿಂಗ್ ಪ್ರಾಂತ್ಯಗಳ ಗಡಿಯಲ್ಲಿ 1968ರಲ್ಲಿ ಏರ್ಪಟ್ಟ ಪ್ರಯರ್ ಪರ್ವತದ ಕುದುರೆಧಾಮವನ್ನು ನಿದರ್ಶನವಾಗಿ ಪರಿಶೀಲಿಸೋಣ. ಇದರ ವಿಸ್ತಾರ ಸುಮಾರು 38,000 ಎಕರೆ. ಬೇಸಗೆಯಲ್ಲಿ ಕುದುರೆಗಳು ಶಿಖರದ ಹುಲ್ಲುಗಾವಲುಗಳಿಗೆ ಏರುತ್ತವೆ. ವಸಂತಾರಂಭದಲ್ಲಿ ಮೇಲೆ ಹಿಮವಿರುವುದರಿಂದ ಕೆಳಗಿನ ಒಣನೆಲದಲ್ಲಿ ಅನೇಕ ಹಿಂಡುಗಳು ಕಾಣಸಿಗುತ್ತವೆ. ಒಂದು ಗಂಡು, ಕೆಲವು ಹೆಣ್ಣುಗಳು, ಅವುಗಳ ಮರಿಗಳು—ಇದು ಸಾಮಾನ್ಯವಾದ ಹಿಂಡು. ಹೆಣ್ಣಿಲ್ಲದ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಳ್ಳುತ್ತವೆ. ಗರ್ಭಕಾಲವು ಸುಮಾರು ಹನ್ನೊಂದು ತಿಂಗಳು. ಈಯುವ ಕಾಲವೂ ಸಂಗಮದ ಕಾಲವೂ ಒಂದರ ಬೆನ್ನಿಗೆ ಇನ್ನೊಂದು ಬರುವುದರಿಂದ ಗಂಡುಗಳ ಕಾದಾಟವು ಈ ಋತುವಿನಲ್ಲಿ ಹೆಚ್ಚುತ್ತದೆ. ಕಿವಿಗಳನ್ನು ಹಿಂದಕ್ಕೆ ಮಡಿಸಿ, ಕತ್ತನ್ನು ನೆಲಮಟ್ಟಕ್ಕೆ ಬಾಗಿಸಿ ಗಂಡುಕುದುರೆಯು ತನ್ನ ಹಿಂಡನ್ನು ಅಟ್ಟುವ ದೃಶ್ಯವು ಛಾಯಾಗ್ರಾಹಕರಿಗೆ ಬಲು ಪ್ರಿಯವಾದುದು.

ಆದರೆ ಇದೇ ಋತುವಿನಲ್ಲಿ ಕಣ್ಣು ಮೋಸಹೋಗುವ ಸಂಭವವೂ ಅಧಿಕ. ಚಳಿಗಾಲದ ಮೇವಿನ ಅಭಾವದಿಂದ ಕುದುರೆಗಳು ವರ್ಷದಲ್ಲೆಲ್ಲ ಹೆಚ್ಚು ಕೃಶವಾಗಿರುವ ಕಾಲವಿದು. ದಟ್ಟವಾದ ಚಳಿಗಾಲದ ರೋಮವು ಈ ಕೃಶತೆಯನ್ನು ಮರೆಮಾಡಬಲ್ಲದು. ಅದೇ ರೋಮವು ತೇಪೆತೇಪೆಯಾಗಿ ಉದುರುವಾಗ ಆರೋಗ್ಯವಂತ ಕುದುರೆಯೂ ರೋಗಿಷ್ಠವೆಂಬಂತೆ ತೋರುತ್ತದೆ. ತುಂಬುಗರ್ಭದ ಹೊಟ್ಟೆಯನ್ನು ಪುಷ್ಟಿಯೆಂದು ಭಾವಿಸುವುದುಂಟು. ಇಳಿಬಿಸಿಲು ಪಕ್ಕೆಲುಬುಗಳ ನಡುವಣ ನೆರಳನ್ನು ಗಾಢಗೊಳಿಸುತ್ತದೆ. ದೂರದಿಂದ ಚಿತ್ರ ತೆಗೆಯುವ ನೀಳ ಮಸೂರವು ಹಿಂದುಮುಂದಿನ ಅಂತರವನ್ನು ಕುಗ್ಗಿಸಿ, ಚದುರಿ ನಿಂತ ಕುದುರೆಗಳನ್ನು ಒತ್ತೊತ್ತಾಗಿ ನೆರೆದಂತೆ ತೋರಿಸುತ್ತದೆ. ಹೀಗಾಗಿ ಒಂದೇ ಚಿತ್ರವನ್ನು ಹಿಡಿದು ಒಬ್ಬನು ‘ನೆಲಕ್ಕೆ ಭಾರ ಹೆಚ್ಚಿದೆ’ ಎಂದು ವಾದಿಸಿದರೆ, ಮತ್ತೊಬ್ಬನು ‘ಪ್ರಾಣಿಗಳ ಪಾಲನೆ ಕೆಟ್ಟಿದೆ’ ಎಂದು ವಾದಿಸಬಹುದು. ಕುದುರೆಯ ಮೈಕಟ್ಟನ್ನು 1ರಿಂದ 9ರವರೆಗಿನ ಅಂಕಗಳಿಂದ ಅಳೆಯುವ ಹೆನೆಕೆಯವರ ಕ್ರಮವು 1983ರಿಂದ ಪ್ರಚಾರದಲ್ಲಿದೆ. ಅದರಲ್ಲಿ ಕುತ್ತಿಗೆ, ಪಕ್ಕೆಲುಬು, ಬಾಲದ ಬುಡ ಮೊದಲಾದ ಆರು ಸ್ಥಾನಗಳನ್ನು ಕಣ್ಣಿನಿಂದ ನೋಡುವುದಲ್ಲದೆ ಕೈಯಿಂದ ಮುಟ್ಟಿಯೂ ಪರೀಕ್ಷಿಸುತ್ತಾರೆ. ಚಿತ್ರಕ್ಕೆ ಮುಟ್ಟುವ ಕೈಯಿಲ್ಲ.

ಹಾಗೆಂದು ಚಿತ್ರವು ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ಒಂದೇ ಪ್ರಾಣಿಯನ್ನು ಗುರುತಿಸಿ, ಕಾಲಕಾಲಕ್ಕೆ ತೆಗೆದ ಚಿತ್ರಮಾಲೆಯ ಮಹತ್ತ್ವವೇ ಬೇರೆ. ಪ್ರಯರ್ ಪರ್ವತದಲ್ಲಿ 1995ರಲ್ಲಿ ಹುಟ್ಟಿದ ‘ಕ್ಲೌಡ್’ ಎಂಬ ತಿಳಿಬಣ್ಣದ ಕುದುರೆಯನ್ನು ಮರಿಯಾಗಿದ್ದಾಗಿನಿಂದಲೂ ಚಿತ್ರೀಕರಿಸಿದ ಜಿಂಜರ್ ಕ್ಯಾಥ್ರೆನ್ಸ್ ಅವರ ಕಾರ್ಯ ಇದಕ್ಕೆ ಉದಾಹರಣೆ. ಹಣೆಯ ಚುಕ್ಕೆ, ಮುಖದ ಪಟ್ಟೆ, ಕಾಲಿನ ಬಿಳುಪು, ಬೆನ್ನಿನುದ್ದದ ಕರಿಗೆರೆ, ಜೂಲು ಬೀಳುವ ಪಕ್ಕ—ಇವುಗಳಿಂದ ಕುದುರೆಗಳನ್ನು ಒಂದೊಂದಾಗಿ ಗುರುತಿಸಬಹುದು. ಈ ಗುರುತಿಗೆ ವ್ಯಾವಹಾರಿಕ ಪ್ರಯೋಜನವೂ ಉಂಟು. ಗರ್ಭನಿರೋಧಕ ಲಸಿಕೆಯನ್ನು ದೂರದಿಂದ ಸಿಡಿಸುವ ಕ್ರಮವನ್ನು 1988ರಲ್ಲಿ ಅಸಟೀಗ್ ದ್ವೀಪದ ಕುದುರೆಗಳ ಮೇಲೆ ಪ್ರಯೋಗಿಸಿದರು; ಪ್ರಯರ್ ಪರ್ವತದಲ್ಲಿಯೂ ಅದು ಬಳಕೆಗೆ ಬಂದಿದೆ. ಯಾವ ಹೆಣ್ಣುಕುದುರೆಗೆ ಲಸಿಕೆ ಹಾಕಿದೆ, ಯಾವುದಕ್ಕೆ ಹಾಕಿಲ್ಲ ಎಂಬುದನ್ನು ಅರಿಯಲು ಚಿತ್ರಸಹಿತವಾದ ದಾಖಲೆಯೇ ಆಸರೆ.

ಇದರ ಹಿಂದಿರುವ ಪ್ರಶ್ನೆ ಅಲ್ಪವಾದುದಲ್ಲ. ಅಲ್ಲಿಯ ಭೂನಿರ್ವಹಣಾ ಇಲಾಖೆಯು ಕುದುರೆ ಹಾಗೂ ಕಾಡುಕತ್ತೆಗಳ ಸಂಖ್ಯೆಯನ್ನು ಮಾರ್ಚ್ 1ರ ಸ್ಥಿತಿಗೆ ಅನ್ವಯಿಸಿ, ಎಂದರೆ ಆ ವರ್ಷದ ಬಹುಪಾಲು ಮರಿಗಳು ಹುಟ್ಟುವ ಮುನ್ನವೇ, ಅಂದಾಜು ಮಾಡುತ್ತದೆ. 2020ರಲ್ಲಿ ಅದು ಸುಮಾರು 95,000; 2024ರಲ್ಲಿ ಸುಮಾರು 73,500. ನೆಲವು ತಾಳಬಲ್ಲುದೆಂದು ಇಲಾಖೆಯು ನಿಗದಿಪಡಿಸಿದ್ದ ಸಂಖ್ಯೆಯಾದರೋ ಸುಮಾರು 25,500 ಮಾತ್ರ. ಹಿಡಿದು ತಂದು ದೊಡ್ಡಿಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ಇರಿಸಿದ್ದ ಪ್ರಾಣಿಗಳು 2024ರಲ್ಲಿ 60,000ಕ್ಕೂ ಮಿಗಿಲಾಗಿದ್ದವು. ಹಿಡಿಯುವುದೋ, ಲಸಿಕೆ ಹಾಕುವುದೋ, ಹಾಗೆಯೇ ಬಿಡುವುದೋ ಎಂಬ ನಿರ್ಣಯದಲ್ಲಿ ಅನೇಕ ಪ್ರಾಣಿಗಳ ಸ್ವಾತಂತ್ರ್ಯವೂ ಶುಷ್ಕಪ್ರದೇಶದ ಹುಲ್ಲು ನೀರುಗಳ ಭವಿಷ್ಯವೂ ಅಡಗಿವೆ.

ಆದಕಾರಣ ವೀಕ್ಷಕನು ಕೆಲವು ನಿಯಮಗಳನ್ನು ಪಾಲಿಸುವುದು ಯುಕ್ತ. ಕನಿಷ್ಠ 100 ಅಡಿ ದೂರದಲ್ಲಿರಬೇಕು. ಕುದುರೆಗಳೆಲ್ಲ ಮೇಯುವುದನ್ನು ಬಿಟ್ಟು ತಲೆಯೆತ್ತಿ ಇತ್ತ ನೋಡಿದರೆ ಹಿಂದೆ ಸರಿಯಬೇಕು. ಬಡಕಲಾದ ಗರ್ಭಿಣಿಯನ್ನು ಚಿತ್ರಕ್ಕಾಗಿ ಓಡಿಸುವುದೆಂದರೆ ಅದರ ಉಳಿದಷ್ಟು ಶಕ್ತಿಯನ್ನೂ ಕಸಿದಂತೆಯೇ ಸರಿ. ಒಂದೊಂದು ಚಿತ್ರದೊಡನೆಯೂ ದಿನ, ವೇಳೆ, ಸ್ಥಳ, ಮಸೂರದ ಅಳತೆ, ಪ್ರಾಣಿಯ ಗುರುತು, ಹಿಂಡಿನ ಎಣಿಕೆಗಳನ್ನು ಬರೆದಿಡಬೇಕು. ಸಾಧ್ಯವಾದರೆ ಅದೇ ಕುದುರೆಯನ್ನು ಬೇಸಗೆಯಲ್ಲಿ ಮತ್ತೊಮ್ಮೆ ಚಿತ್ರಿಸಬೇಕು.

ಕಾಲವನ್ನೂ ಸ್ಥಳವನ್ನೂ ಸೂಚಿಸದ ಶಾಸನವನ್ನು ಇತಿಹಾಸಕಾರನು ಎಷ್ಟು ಎಚ್ಚರದಿಂದ ಬಳಸುವನೋ, ದಿನಾಂಕವಿಲ್ಲದ ಚಿತ್ರವನ್ನೂ ಅಷ್ಟೇ ಎಚ್ಚರದಿಂದ ಬಳಸಬೇಕು. ಮಾರ್ಚಿಯ ಕೃಶವಾದ ಕುದುರೆಯು ಜೂನಿನಲ್ಲಿ ಮೈತುಂಬಿಕೊಂಡಿತೇ ಎಂಬುದನ್ನು ತಿಳಿಯದೆ ಅದರ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ತೀರ್ಪು ಕೊಡುವುದು ನ್ಯಾಯವಾಗಲಾರದು.