ನಂಬಿಕೆಗೆ ಪರೀಕ್ಷೆ ಯಾವಾಗ? ಡಾ| ಬಿ. ಎನ್. ಕೆ. ಶರ್ಮರು ತೆರೆದಿಟ್ಟ ಪ್ರಮಾಣ ವಿಚಾರ

ಕಲ್ಯಾಣ: ಕೇಳಿದ್ದನ್ನೆಲ್ಲ ನಂಬಬೇಕೇ ಅಥವಾ ಪ್ರತಿಯೊಂದಕ್ಕೂ ಪುರಾವೆ ಕೇಳಬೇಕೇ? ಕನ್ನಡ ನಾಡಿನ ದಾರ್ಶನಿಕರು ಶತಮಾನಗಳ ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಅವರ ಉತ್ತರವನ್ನು ಇಂಗ್ಲಿಷ್ ಓದುಗರ ಮುಂದಿಟ್ಟವರಲ್ಲಿ ಪ್ರಮುಖರು, ಮುಂಬಯಿಯ ರೂಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಡಾ| ಬಿ. ಎನ್. ಕೆ. ಶರ್ಮ (1909-2005).

ದ್ವೈತ ವೇದಾಂತದ ಇತಿಹಾಸ ಕುರಿತ ಅವರ ಎರಡು ಸಂಪುಟಗಳ ಗ್ರಂಥ 1960-61ರಲ್ಲಿ ಹೊರಬಂದು ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. 1962ರಲ್ಲಿ ಮಧ್ವಾಚಾರ್ಯರ ತತ್ತ್ವಶಾಸ್ತ್ರದ ಕುರಿತ ಗ್ರಂಥ ಬಂತು. ಮಧ್ವರ ವಿಚಾರವನ್ನು ಜಯತೀರ್ಥರು 'ಪ್ರಮಾಣಪದ್ಧತಿ'ಯಲ್ಲೂ ವಿಜಯನಗರ ಕಾಲದ ವ್ಯಾಸತೀರ್ಥರು 'ತರ್ಕತಾಂಡವ'ದಲ್ಲೂ ಹೇಗೆ ಬೆಳೆಸಿದರೆಂಬುದನ್ನು ಶರ್ಮರು ಆಧುನಿಕ ಓದುಗರಿಗೆ ಎಟುಕುವಂತೆ ಬಿಡಿಸಿಟ್ಟರು.

ಒಳಗಿನ ಸಾಕ್ಷಿ

ಒಂದು ತಿಳಿವಳಿಕೆ ನಿಜವೆಂದು ಗೊತ್ತಾಗುವುದು ಫಲದಿಂದ ಎನ್ನುತ್ತಾರೆ ನೈಯಾಯಿಕರು. ದೂರದಲ್ಲಿ ಕಂಡದ್ದು ನೀರೇ ಎಂಬುದು ಕುಡಿದು ದಾಹ ತಣಿದಾಗ ಖಚಿತ. ಹಾಗಾದರೆ ದಾಹ ತಣಿಯಿತೆಂಬ ತಿಳಿವಳಿಕೆಗೆ ಪುರಾವೆ ಏನು? ಹೀಗೆ ಕೇಳುತ್ತ ಹೋದರೆ ಕೊನೆಯೇ ಇಲ್ಲ. ಮಧ್ವ ಮತದಲ್ಲಿ ಈ ಸರಣಿಯನ್ನು ನಿಲ್ಲಿಸುವುದು 'ಸಾಕ್ಷಿ', ಅಂದರೆ ಆತ್ಮನ ಸ್ವಂತ ಅರಿವು. ಸಂಶಯಕ್ಕೆ ಕಾರಣವಿಲ್ಲದಾಗ ತಿಳಿದದ್ದನ್ನು ಸಾಕ್ಷಿಯೇ ಒಪ್ಪುತ್ತದೆ. ಸಂಶಯ ಎದ್ದರೆ ಮಾತ್ರ ಪರೀಕ್ಷೆ ಬೇಕು. ಪರೀಕ್ಷೆ ಸಂಶಯವನ್ನು ನೀಗಿಸುತ್ತದೆ, ಕೊನೆಯ ತೀರ್ಪು ಸಾಕ್ಷಿಯದ್ದೇ.

ಕಲ್ಯಾಣ ಸ್ಟೇಷನ್ನಿನಲ್ಲಿ ಇಂಡಿಕೇಟರ್ ನೋಡಿ ಫಾಸ್ಟ್ ಲೋಕಲ್ ಹತ್ತುವವರು ಪುರಾವೆ ಕೇಳುವುದಿಲ್ಲ. ಇಂಡಿಕೇಟರ್ ಒಂದು ಹೇಳಿ ಅನೌನ್ಸ್‌ಮೆಂಟ್ ಮತ್ತೊಂದು ಹೇಳಿದಾಗಲೇ ಪಕ್ಕದವರನ್ನು ವಿಚಾರಿಸುತ್ತಾರೆ. ನಿತ್ಯದ ಬದುಕು ನಡೆಯುವುದೇ ಹೀಗೆ.

ಹಡಗಿನ ಮಾಲಕ

ಇಂಗ್ಲೆಂಡಿನ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಇನ್ನೂ ಕಟುವಾದ ನಿಯಮ ಹೇಳಿದರು. ಹಳೆಯ ಹಡಗಿನ ಬಗ್ಗೆ ಎದ್ದ ಸಂಶಯವನ್ನು ಮಾಲಕ ತಾನೇ ಅದುಮಿಕೊಂಡು ಪ್ರಯಾಣಿಕರನ್ನು ಕಳುಹಿಸುತ್ತಾನೆ, ಹಡಗು ಮುಳುಗುತ್ತದೆ. ಒಂದು ವೇಳೆ ಅದು ದಡ ಸೇರಿದ್ದರೂ ಆತ ತಪ್ಪಿತಸ್ಥನೇ, ಏಕೆಂದರೆ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ ಎಂಬುದು ಕ್ಲಿಫರ್ಡ್ ವಾದ. ಸಾಕಷ್ಟು ಪುರಾವೆಯಿಲ್ಲದೆ ನಂಬುವುದು ಎಂದೂ ತಪ್ಪು ಎಂದರು ಅವರು. ಮಧ್ವ ಪರಂಪರೆ ಅಷ್ಟು ದೂರ ಹೋಗದು. ಆದರೆ ಸಂಶಯಕ್ಕೆ ಕಾರಣವಿದ್ದಾಗ ಪರೀಕ್ಷೆ ತಪ್ಪಿಸಬಾರದೆಂಬಲ್ಲಿ ಇಬ್ಬರೂ ಕೂಡುತ್ತಾರೆ.

ಇದು ಬರೀ ಪಂಡಿತರ ಚರ್ಚೆಯಲ್ಲ. 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿ ನಂಬಿದ ಗುಂಪು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಹೊಡೆದು ಕೊಂದಿತು. ಅದೇ ತಿಂಗಳು ಗಡಿಯಾಚೆ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಇಂಥದೇ ಸುದ್ದಿಗೆ ಓರ್ವ ಯುವಕ ಬಲಿಯಾದ. ಮೊಬೈಲಿಗೆ ಬಂದ ಸಂದೇಶ ಯಾರದೆಂದು ಅಲ್ಲಿ ಕೇಳಿದವರು ವಿರಳ. ಮಾತು ಪ್ರಮಾಣವಾಗಬೇಕಾದರೆ ಅದು ದೋಷರಹಿತವಾಗಿರಬೇಕೆಂಬುದು ಮಧ್ವ ಸಿದ್ಧಾಂತ. ಹೇಳಿದವರು ಯಾರು, ಅವರು ಕಂಡಿದ್ದಾರೆಯೇ ಎಂದು ವಿಚಾರಿಸುವುದೇ ಆ ದೋಷ ಹುಡುಕುವ ಮೊದಲ ಹೆಜ್ಜೆ.

ಶರ್ಮರ ಗ್ರಂಥಗಳನ್ನು ಮೋತಿಲಾಲ್ ಬನಾರಸಿದಾಸ್ ಸಂಸ್ಥೆ ಮರುಮುದ್ರಿಸಿದೆ. ಮುಂಬಯಿಯಲ್ಲಿ ದುಡಿದ ವಿದ್ವಾಂಸರ ಈ ಕೃತಿಗಳು ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡ ಸಂಘಗಳ ವಾಚನಾಲಯಗಳಲ್ಲಿ ಇರಬೇಕಾದಂಥವು. ಸಂದೇಶವೊಂದನ್ನು ಮುಂದೆ ಕಳುಹಿಸುವ ಮುನ್ನ ಒಂದು ಕ್ಷಣ ತಡೆದು ಯೋಚಿಸಲು ಯುವಜನರಿಗೆ ಇವು ನೆರವಾಗಬಲ್ಲವು.