ಫೆಲಿಕ್ಸ್ ಬೊನ್‌ಫಿಲ್ಸ್

ಫೆಲಿಕ್ಸ್ ಬೊನ್‌ಫಿಲ್ಸ್ (1831–1885) ಫ್ರಾನ್ಸಿನಿಂದ ವಲಸೆ ಬಂದು ಬೈರೂತ್ ನಗರದಲ್ಲಿ ನೆಲೆಸಿದ ಛಾಯಾಗ್ರಾಹಕರು. 1867ರಲ್ಲಿ ಪತ್ನಿ ಲಿಡಿಯವರೊಂದಿಗೆ ಅಲ್ಲಿ ಸ್ಟುಡಿಯೋ ಸ್ಥಾಪಿಸಿದರು.

ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾ ಮತ್ತು ಗ್ರೀಸ್ ದೇಶಗಳ ಪ್ರಾಚೀನ ಸ್ಮಾರಕಗಳ ಹಾಗೂ ಜನಜೀವನದ ಚಿತ್ರಗಳನ್ನು ಈ ಸ್ಟುಡಿಯೋ ಪ್ರವಾಸಿಗರಿಗೆ ಮಾರುತ್ತಿತ್ತು. ಮೊಟ್ಟೆಯ ಬಿಳಿಭಾಗವನ್ನು ಲೇಪಿಸಿದ ಕಾಗದದ ಮೇಲೆ ಅವುಗಳನ್ನು ಮುದ್ರಿಸಲಾಗುತ್ತಿತ್ತು. 1871ರ ವೇಳೆಗೆ ಸುಮಾರು 15,000 ಪ್ರತಿಗಳು ಸಿದ್ಧವಾಗಿದ್ದವೆಂದು ಫೆಲಿಕ್ಸ್ ತಿಳಿಸಿದ್ದರು.

ಕುಟುಂಬದ ಪಾತ್ರ

ಲಿಡಿ ಸ್ವತಃ ಛಾಯಾಗ್ರಾಹಕಿ. ಸ್ಟುಡಿಯೋದ ಸ್ತ್ರೀಯರ ಭಾವಚಿತ್ರಗಳಲ್ಲಿ ಹಲವು ಅವರವೆಂದು ವಿದ್ವಾಂಸರು ಭಾವಿಸುತ್ತಾರೆ. ಪತಿಯ ನಿಧನಾನಂತರ ಮಗ ಆಡ್ರಿಯನ್ ಜೊತೆಗೆ ಅವರೇ ಉದ್ಯಮವನ್ನು ಮುನ್ನಡೆಸಿದರು. ಚಿತ್ರಗಳ ಮೇಲೆ ‘ಬೊನ್‌ಫಿಲ್ಸ್’ ಎಂಬ ಕುಟುಂಬನಾಮವಷ್ಟೇ ಇರುವುದರಿಂದ, ಯಾವ ಚಿತ್ರ ಯಾರದೆಂದು ನಿರ್ಣಯಿಸುವುದು ಕಷ್ಟ. ಹೀಗಾಗಿ ಲಿಡಿಯವರ ಕೊಡುಗೆ ಬಹುಕಾಲ ಫೆಲಿಕ್ಸರ ಹೆಸರಿನಲ್ಲಿಯೇ ಮರೆಯಾಗಿತ್ತು.