ಜಾಲದ ಮೂಲಕ ಸರ್ವರುಗಳ ಸ್ವಯಂಸ್ಥಾಪನೆ: ದೋಷನಿರ್ಣಯದ ಕ್ರಮ

ಕಾರ್ಯವ್ಯವಸ್ಥೆಯಾವುದೂ ಇಲ್ಲದ ಬರಿಯ ಸರ್ವರನ್ನು ಮನುಷ್ಯನ ಕೈ ಸೋಕದೆ ಜಾಲದ ಮೂಲಕವೇ ಸಜ್ಜುಗೊಳಿಸುವ ಪದ್ಧತಿಯು ದೊಡ್ಡ ದತ್ತಾಂಶಕೇಂದ್ರಗಳಲ್ಲಿ ಸಾಮಾನ್ಯವಾಗಿದೆ. ಅನೇಕ ಯಂತ್ರಗಳು ಒಮ್ಮೆಗೇ ಸಿದ್ಧವಾಗುವುದು ಇದರ ಲಾಭ. ಒಂದು ತಪ್ಪು ಅನೇಕ ಯಂತ್ರಗಳಲ್ಲಿ ಏಕಕಾಲಕ್ಕೆ ಫಲಿಸುವುದು ಇದರ ಅಪಾಯ. ಆದುದರಿಂದ ಇಲ್ಲಿ ದೋಷವನ್ನರಸುವ ಕ್ರಮವು ವಿಚಾರಾರ್ಹವಾದುದು.

ಈ ಪದ್ಧತಿಯ ಅಂಗಗಳು ಬೇರೆ ಬೇರೆ ಕಾಲಗಳಲ್ಲಿ ರೂಪುಗೊಂಡುವು. ಕಡತಗಳನ್ನು ಸಾಗಿಸುವ ಟಿ.ಎಫ್.ಟಿ.ಪಿ. ನಿಯಮವು ೧೯೮೧ರ ಪ್ರಮಾಣಪತ್ರದಲ್ಲಿ ನಿರೂಪಿತವಾಗಿದೆ. ವಿಳಾಸಗಳನ್ನು ಹಂಚುವ ಡಿ.ಎಚ್.ಸಿ.ಪಿ. ೧೯೯೩ರಲ್ಲಿ ಪ್ರಕಟವಾಯಿತು. ಇವನ್ನು ಕೂಡಿಸಿ ಇಂಟೆಲ್ ಸಂಸ್ಥೆಯು ರಚಿಸಿದ ಪಿ.ಎಕ್ಸ್.ಇ. ವಿಧಾನದ ೨.೧ನೆಯ ಆವೃತ್ತಿಯು ೧೯೯೯ರಲ್ಲಿ ಹೊರಬಂದಿತು. ಅದರಂತೆ ಯಂತ್ರವು ಮೊದಲು ವಿಳಾಸವನ್ನು ಯಾಚಿಸುವುದು. ಆರಂಭಕಡತದ ಹೆಸರನ್ನು ತಿಳಿದು ಅದನ್ನು ತರಿಸಿಕೊಳ್ಳುವುದು. ಬಳಿಕ ಕರ್ನೆಲ್ಲೂ ಸ್ಥಾಪಕವೂ ಬಂದು ಕೆಲಸವನ್ನು ಮುಂದುವರಿಸುವುವು. ಈ ಸರಪಣಿಯಲ್ಲಿ ದೋಷವು ಕಾಣಿಸಿಕೊಳ್ಳುವ ಸ್ಥಳವೊಂದು, ಹುಟ್ಟುವ ಸ್ಥಳವೊಂದು ಆಗಿರುವುದುಂಟು. ಆದಕಾರಣ ಕಡೆಯದಾಗಿ ಸರಿಯಾಗಿ ನಡೆದ ಹಂತ ಯಾವುದೆಂಬುದೇ ಪರೀಕ್ಷಕನ ಮೊದಲ ಪ್ರಶ್ನೆಯಾಗಬೇಕು.

ಮೊದಲನೆಯದಾಗಿ, ವಿಳಾಸವೇ ದೊರೆಯದ ಸಂದರ್ಭ. ಸರ್ವರಿನ ಬಳಿ ಟಿ.ಸಿ.ಪಿ.ಡಂಪಿನಂತಹ ಸಾಧನದಿಂದ ಪೊಟ್ಟಣಗಳನ್ನು ಹಿಡಿದು ನೋಡುವುದು ಉತ್ತಮ. ಯಾಚನೆ ಬಂದು ಉತ್ತರ ಹೋಗದಿದ್ದರೆ ದೋಷವು ಸರ್ವರಿನ ವಿನ್ಯಾಸದಲ್ಲಿದೆ. ಯಾಚನೆಯೇ ಬಾರದಿದ್ದರೆ ದಾರಿಯಲ್ಲಿದೆ. ಈ ಯಾಚನೆಯು ಎಲ್ಲರಿಗೂ ಸಾರುವ ಕೂಗಾದುದರಿಂದ ರೌಟರನ್ನು ದಾಟಲಾರದು. ಬೇರೆ ಉಪಜಾಲದಲ್ಲಿರುವ ಸರ್ವರಿಗೆ ಅದನ್ನು ಮುಟ್ಟಿಸಲು ರಿಲೇ ಎಂಬ ಮಧ್ಯವರ್ತಿ ಬೇಕು. ಸ್ವಿಚ್ಚೂ ಕಾರಣವಾಗಬಹುದು. ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದಂತೆ, ತಂತಿ ಜೀವಗೊಂಡ ಮೇಲೆ ೧೫ ಸೆಕೆಂಡುಗಳ ಎರಡು ಹಂತಗಳು ಕಳೆದಲ್ಲದೆ ಸ್ವಿಚ್ಚು ಪೊಟ್ಟಣಗಳನ್ನು ಮುಂದೆ ಬಿಡದು. ಯಂತ್ರವಾದರೋ ೪, ೮, ೧೬, ೩೨ ಸೆಕೆಂಡುಗಳಂತೆ ಕಾಯುತ್ತ ಕೂಗುವುದು. ತಂತಿ ಎಚ್ಚತ್ತೊಡನೆ ಕೂಗಲಾರಂಭಿಸಿದರೆ ನಾಲ್ಕನೆಯ ಕೂಗು ೨೮ನೆಯ ಸೆಕೆಂಡಿಗೇ ಬೀಳುವುದರಿಂದ ನಾಲ್ಕೂ ವ್ಯರ್ಥವಾಗುವ ಸಂಭವವಿದೆ. ಆ ದ್ವಾರವನ್ನು ಅಂಚಿನ ದ್ವಾರವೆಂದು ಸ್ವಿಚ್ಚಿನಲ್ಲಿ ಗುರುತಿಸುವುದೇ ಇದಕ್ಕೆ ಪರಿಹಾರ.

ಎರಡನೆಯದಾಗಿ, ವಿಳಾಸ ದೊರೆತರೂ ಕಡತ ಬಾರದಿರುವುದುಂಟು. ಟಿ.ಎಫ್.ಟಿ.ಪಿ. ಯಾಚನೆಯು ೬೯ನೆಯ ದ್ವಾರಕ್ಕೆ ಹೋದರೂ ಉತ್ತರವು ಬೇರೊಂದು ದ್ವಾರದಿಂದ ಬರುವುದು. ೬೯ನ್ನು ಮಾತ್ರ ತೆರೆದಿಟ್ಟ ಫೈರ್‌ವಾಲು ಅದನ್ನು ತಡೆದೀತು. ಕಡತ ಬಂದೂ ಯಂತ್ರ ಚಲಿಸದಿದ್ದರೆ ಜಾತಿಭೇದವನ್ನು ಶಂಕಿಸಬೇಕು: ಹಳೆಯ ಬಯೋಸ್ ಯಂತ್ರಕ್ಕೆ ಹೊಂದುವ ಕಡತವು ಯು.ಇ.ಎಫ್.ಐ. ಯಂತ್ರಕ್ಕೆ ಹೊಂದದು. ಯಂತ್ರವು ೯೩ನೆಯ ಆಯ್ಕೆಯಲ್ಲಿ ತನ್ನ ಜಾತಿಯನ್ನು ಹೇಳಿಕೊಳ್ಳುವುದು. ಸರ್ವರು ಅದನ್ನೋದಿ ತಕ್ಕ ಕಡತವನ್ನು ಸೂಚಿಸಬೇಕು. ದೊಡ್ಡ ಕಡತಗಳಿಗೆ ಇನ್ನೊಂದು ತೊಡಕುಂಟು. ಮೂಲನಿಯಮದಲ್ಲಿ ತುಂಡೊಂದಕ್ಕೆ ೫೧೨ ಬೈಟು, ತುಂಡಿನ ಸಂಖ್ಯೆಗೆ ೧೬ ಬಿಟ್ಟು. ಸಂಖ್ಯೆಯು ಮೊದಲಿಗೆ ಮರಳದಿದ್ದರೆ ಸುಮಾರು ೩೨ ಮೆಗಾಬೈಟಿಗೆ ಸಾಗಣೆ ನಿಲ್ಲುವುದು. ಆದುದರಿಂದ ದೊಡ್ಡ ಕಡತಗಳನ್ನು ಎಚ್.ಟಿ.ಟಿ.ಪಿ.ಯಿಂದ ತರಿಸುವುದು ಲೇಸು.

ಮೂರನೆಯದಾಗಿ, ಕರ್ನೆಲ್ ಎದ್ದಮೇಲೆ ಜಾಲವು ಕಾಣೆಯಾಗುವುದು. ಅದುವರೆಗೆ ಜಾಲವನ್ನು ನಡೆಸಿದುದು ಫರ್ಮ್‌ವೇರು. ಇನ್ನು ಕರ್ನೆಲ್ಲಿಗೆ ಸ್ವಂತ ಚಾಲಕ ಬೇಕು. ಆರಂಭದ ರ‍್ಯಾಮ್‌ಡಿಸ್ಕಿನಲ್ಲಿ ಅದಿಲ್ಲದಿದ್ದರೆ ಕಾರ್ಯ ಅಲ್ಲಿಗೇ ಮುರಿಯುವುದು. ಹಲವು ಜಾಲದ್ವಾರಗಳುಳ್ಳ ಯಂತ್ರದಲ್ಲಿ ಸ್ಥಾಪಕವು ಬೇರೊಂದು ದ್ವಾರದಿಂದ ವಿಳಾಸ ಯಾಚಿಸಿ ನಿರಾಶೆಗೊಳ್ಳುವುದೂ ಉಂಟು. ಯಾವ ದ್ವಾರದಿಂದ ಎದ್ದಿತೆಂಬುದನ್ನು ಸ್ಥಾಪಕಕ್ಕೆ ತಿಳಿಸತಕ್ಕದ್ದು.

ಕಡೆಯ ದೋಷವು ಎಲ್ಲಕ್ಕಿಂತ ಭಯಂಕರವಾದುದು. ಏಕೆಂದರೆ ಅದು ಯಶಸ್ಸಿನ ವೇಷದಲ್ಲಿ ಬರುವುದು. ಸ್ಥಾಪನೆ ಮುಗಿದು ಯಂತ್ರವು ಮತ್ತೆ ಎದ್ದಾಗ ಜಾಲವೇ ಮೊದಲ ಆಯ್ಕೆಯಾಗಿದ್ದು, ಸರ್ವರಿನ ದಾಖಲೆಯಲ್ಲಿ “ಸ್ಥಾಪಿಸು” ಎಂಬ ಆಜ್ಞೆ ಉಳಿದಿದ್ದರೆ, ಡಿಸ್ಕು ಅಳಿಸಿ ಸ್ಥಾಪನೆ ಪುನಃ ಮೊದಲಾಗುವುದು. ತಿಂಗಳುಗಳ ಬಳಿಕ ವಿದ್ಯುತ್ತು ಹೋಗಿ ಬಂದ ದಿನ ಇದು ಸಂಭವಿಸಿದರೆ ನಷ್ಟವಾಗುವುದು ಯಂತ್ರದಲ್ಲಿದ್ದ ದತ್ತಾಂಶವೇ. ದಾಖಲೆಯಲ್ಲಿ ಮ್ಯಾಕ್ ವಿಳಾಸದ ಒಂದಂಕಿ ತಪ್ಪಿದರೂ ಅನ್ಯಯಂತ್ರಕ್ಕೆ ಇದೇ ಗತಿಯಾದೀತು. ಉತ್ತರಿಸುವವರು ಯಾರೆಂಬುದನ್ನು ಈ ಹಳೆಯ ನಿಯಮಗಳು ಪರೀಕ್ಷಿಸವು. ಆದಕಾರಣ ಸ್ಥಾಪನೆಯ ಜಾಲವನ್ನು ಪ್ರತ್ಯೇಕವಾಗಿಡುವುದು, ಸ್ಥಾಪನೆ ಮುಗಿದೊಡನೆ ಆಜ್ಞೆಯನ್ನು ತೆಗೆಯುವುದು, ಡಿಸ್ಕನ್ನು ಅಳಿಸುವ ಮುನ್ನ ಯಂತ್ರದ ಕ್ರಮಸಂಖ್ಯೆಯನ್ನು ಹೋಲಿಸುವುದು, ಹೊಸ ವಿನ್ಯಾಸವನ್ನು ಒಂದೇ ಯಂತ್ರದಲ್ಲಿ ಪ್ರಯೋಗಿಸಿ ನೋಡುವುದು ಅವಶ್ಯವಾಗಿದೆ.